ಜನಬಂಧುಗಳ ಸೋಮವಾರದ ಸರದಿ

ತಾಳ್ಯದ ಹತ್ತಿರದ ಮೇಗಳಹಟ್ಟಿಯ ಕರಿಸಿದ್ದಪ್ಪನಿಗೆ ಒಂದು ಕಾಯಿಲೆ ಇತ್ತು. ಯಾರು ಏನು ಹೇಳಿದರೂ ಅದನ್ನು ನಿಜವಾಗಿಯೇ ಹೇಳುತ್ತಿದ್ದಾರೆ ಎಂದು ನಂಬಿಬಿಡುತ್ತಿದ್ದ. ಇದಕ್ಕೆ ಡಾಕ್ಟರ ಹತ್ತಿರ ಔಷಧಿ ಇರಲಿಲ್ಲ, ತಾಯತ ಕಟ್ಟಿಸಿದರೂ ಗುಣವಾಗಲಿಲ್ಲ. ಬಸ್ಸಿನಲ್ಲಿ ತಲೆ, ಕೈ ಹೊರಗೆ ಹಾಕಬಾರದು ಎಂದು ಬರೆದಿರುವುದನ್ನು ಯಾರೋ ಓದಿ ಹೇಳಿದ್ದಕ್ಕೆ, ಕೈಯನ್ನೂ ತಲೆಯನ್ನೂ ಕಂಬಳಿಯೊಳಗೆ ಎಳೆದುಕೊಂಡು ಕೂತು, ಚಿತ್ರದುರ್ಗದಲ್ಲಿ ಇಳಿಯಬೇಕಾದವನು ಹಿರಿಯೂರಿನಲ್ಲಿ ಇಳಿದಿದ್ದ. ಹೊಸದುರ್ಗದ ಬಟ್ಟೆ ಅಂಗಡಿಯವನು "ಬರ್ರಿ ಯಜಮಾನ್ರೆ, ಇದು ನಿಮ್ಮದೇ ಅಂಗಡಿ" ಅಂದದ್ದಕ್ಕೆ ಒಳಗೆ ಹೋಗಿ, ಗಲ್ಲಾದ ಪಕ್ಕ ಕಾಲು ಚಾಚಿ ಮಲಗಿ, ಒಂದು ನಿದ್ದೆ ತೆಗೆದು ಎದ್ದು ಬಂದಿದ್ದ. ಅವನ ಹೆಂಡತಿ ಓಬಕ್ಕ ಈ ಎಲ್ಲ ಸಮಾಚಾರಗಳನ್ನೂ ಬೇರೆಯವರ ಬಾಯಿಂದಲೇ ಕೇಳಬೇಕಾಗಿ ಬರುತ್ತಿತ್ತು.

ಹಟ್ಟಿಯಲ್ಲಿ ಆರು ಮನೆ. ಆರು ಮನೆಯ ಕುರಿಗಳೂ ಸೇರಿ ಒಂದೇ ಮಂದೆ. ದಿನಕ್ಕೊಂದು ಮನೆಯವರು ಸರದಿಯ ಮೇಲೆ ಅದನ್ನು ಕಾಯಬೇಕು. ಸಂಜೆ ಮಂದೆ ತಿರುಗಿ ಬಂದಾಗ, ಆ ದಿನ ಕಾದವನು ಮುಳ್ಳುಬೇಲಿಯ ರೊಪ್ಪದ ಬಾಯಲ್ಲಿ ನಿಲ್ಲಬೇಕು. ಕುರಿಗಳು ಒಂದೊಂದೇ ಒಳಗೆ ಹೋಗುವಾಗ ಹಟ್ಟಿಯವರು ಕೇಳುತ್ತಾರೆ: ಇದು ಯಾಕೆ ಕುಂಟುತ್ತಿದೆ, ಅದರ ಹೊಟ್ಟೆ ಯಾಕೆ ಒಳಗೆ ಹೋಗಿದೆ, ಆ ಬಿಳಿ ಕಿವಿಯದರ ಮರಿ ಎಲ್ಲಿ. ಕಾದವನು ನಿಂತೇ ಉತ್ತರ ಹೇಳಬೇಕು. ಕಡೆಯವರು ಕೇಳಿ ಮುಗಿಸುವ ತನಕ ಕೂರುವ ಹಾಗಿಲ್ಲ, ನೀರು ಕುಡಿಯುವ ಹಾಗೂ ಇಲ್ಲ. ಅವನ ಸರದಿಯಲ್ಲಿ ಏನು ಕಳೆದರೂ ಅವನೇ ಹುಡುಕಿ ತರಬೇಕು.

ಆರು ಮನೆಗೆ ಆರು ದಿನ ಹೋದರೆ ಸೋಮವಾರ ಉಳಿಯುತ್ತಿತ್ತು. ಒಂದು ಕಾಲದಲ್ಲಿ ಹಟ್ಟಿಯ ಯಜಮಾನ ಮಾರಣ್ಣ "ಸ್ವಲ್ಪ ದಿನ ನೀನೇ ನೋಡ್ಕಳಪ್ಪ ಕರಿಸಿದ್ದ" ಅಂದಿದ್ದ. ಆ ಸ್ವಲ್ಪ ದಿನಕ್ಕೆ ಈಗ ಹನ್ನೊಂದು ವರ್ಷ ತುಂಬಿತ್ತು. ಮಂಗಳವಾರ ಹೇಗೂ ಕರಿಸಿದ್ದಪ್ಪನ ಸ್ವಂತ ಸರದಿ. ಹೀಗಾಗಿ ವಾರದಲ್ಲಿ ಎರಡು ಸಂಜೆ ಅವನು ರೊಪ್ಪದ ಬಾಯಲ್ಲಿ ನಿಂತು ಬೈಸಿಕೊಳ್ಳುತ್ತಿದ್ದ, ಉಳಿದ ಐದು ಸಂಜೆ ಮನೆಯಲ್ಲಿ.

ಅದು ಎಪ್ಪತ್ತಮೂರನೇ ಇಸವಿ. ಆ ಕಡೆಯ ಹಳ್ಳಿಗಳಲ್ಲೆಲ್ಲ ಓಬಳೇಶಪ್ಪನವರದೇ ಗಾಳಿ. ಎರಡು ಸಲ ಚುನಾವಣೆ ಗೆದ್ದು ಬಂದ ಈ ಮಹಾನುಭಾವರು ತಮ್ಮ ಹೆಸರಿನ ಹಿಂದೆ ಜನಬಂಧು ಎಂದು ತಾವೇ ಸೇರಿಸಿಕೊಂಡಿದ್ದರು, ಜನರಿಗೆ ಆ ತೊಂದರೆ ಕೊಡಬಾರದೆಂದು. ಎಲ್ಲಿ ಹೋದರೂ ಹೆಗಲ ಮೇಲೊಂದು ಕಂಬಳಿ. ಇಸ್ತ್ರಿ ಹಾಕಿದ ಕಂಬಳಿಯನ್ನು ನಮ್ಮ ಜಿಲ್ಲೆಯ ಜನ ಅವರ ಹೆಗಲ ಮೇಲೆಯೇ ಮೊದಲು ನೋಡಿದ್ದು.

ತಾಳ್ಯದ ಸಂತೆ ಮೈದಾನದಲ್ಲಿ ಅವರ ಭಾಷಣ ಇದ್ದ ದಿನ ಕರಿಸಿದ್ದಪ್ಪ ಒಂದು ಮರಿ ಹಿಡಿದುಕೊಂಡು ಸಂತೆಗೆ ಬಂದಿದ್ದ. ಜನಬಂಧುಗಳು ವೇದಿಕೆಯ ಮೇಲಿಂದ ಗುಡುಗುತ್ತಿದ್ದರು.

"ಆಫೀಸು ಬೇರೆ, ಅಧಿಕಾರಿ ಬೇರೆ, ಕೋರ್ಟು ಬೇರೆ! ಆದ್ರೆ ನಾನು ಬೇರೆ, ಜನ ಬೇರೆ ಅಲ್ಲ! ನಾನು ನಿಮ್ಮೋನು! ನಾನೇ ನೀವು! ನನ್ನ ಬಾಯಿ ನಿಮ್ಮ ಬಾಯಿ! ನನ್ನ ಹೊಟ್ಟೆ ನಿಮ್ಮ ಹೊಟ್ಟೆ!"

ಹೊಟ್ಟೆಯ ವಿಷಯದಲ್ಲಿ ಮುಂದಿನ ಸಾಲಿನವರಿಗೆ ಸ್ವಲ್ಪ ಅನುಮಾನ ಬಂದಂತೆ ಕಂಡಿತು, ಆದರೂ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಜನಬಂಧುಗಳ ಕಣ್ಣು ಕರಿಸಿದ್ದಪ್ಪನ ಮರಿಯ ಮೇಲೆ ಬಿತ್ತು. ವೇದಿಕೆ ಇಳಿದು ಬಂದು, ಮರಿ ಕಿತ್ತುಕೊಂಡು, ಎತ್ತಿ ಹೆಗಲ ಮೇಲೆ ಹಾಕಿಕೊಂಡರು. ಫೋಟೋದವನು ಫಕ್ಕನೆ ಬೆಳಕು ಹಾರಿಸಿದ. ಮರಿ ಹೆದರಿ ಕಂಬಳಿ, ಜುಬ್ಬ, ಧೋತರ ಮೂರನ್ನೂ ಒದ್ದೆ ಮಾಡಿತು.

"ಇದು ಜನತೆಯ ಅಭಿಷೇಕ!" ಎಂದು ಕೂಗಿದರು ಜನಬಂಧುಗಳು. ಅಂಥ ಹೊತ್ತಿನಲ್ಲೂ ಅಂಥ ಮಾತು ಹೊಳೆಯಬೇಕಾದರೆ ಎರಡು ಸಲ ಗೆದ್ದಿರಬೇಕು.

ಕರಿಸಿದ್ದಪ್ಪ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಮರಿಯನ್ನು ವಾಪಸು ಕಂಕುಳಿಗೆ ಸಿಕ್ಕಿಸಿಕೊಂಡ. ಸಂತೆ ಬಿಟ್ಟು ಓಡುನಡಿಗೆಯಲ್ಲಿ ಹಟ್ಟಿಗೆ ಬಂದವನೇ ಮಾರಣ್ಣನ ಜಗಲಿಯ ಮುಂದೆ ನಿಂತ.

"ದೊಡ್ಡಪ್ಪ, ಸೋಮವಾರಕ್ಕೆ ಆಳು ಸಿಕ್ಕಿದ!"

ಯಾಕೆಂದರೆ ಹಟ್ಟಿಯಲ್ಲೊಂದು ಕಟ್ಟಳೆ ಇತ್ತು. ಬೇರೆಯವರ ಮಂದೆಯ ಮರಿಯನ್ನು ನಾಲ್ಕು ಜನರೆದುರು ಹೆಗಲಿಗೆ ಏರಿಸಿಕೊಂಡು 'ನಾನು ನಿಮ್ಮೋನು' ಅಂದವನು ಆ ಮಂದೆಯ ಸರದಿಗೆ ಸೇರಿದ ಹಾಗೆ. ಸೇರಿದವನು ಬಿಡಬೇಕಾದರೆ ಅಷ್ಟೇ ಜನರೆದುರು ನಿಂತು 'ನಾನು ನಿಮ್ಮೋನಲ್ಲ' ಅನ್ನಬೇಕು. ಮಾರಣ್ಣನ ಅಳಿಯ ಬೋರಯ್ಯ ಮದುವೆಯ ಮಾರನೇ ದಿನ ಹುಡುಗಾಟಕ್ಕೆ ಹೀಗೆ ಮರಿ ಎತ್ತಿಕೊಂಡಿದ್ದ. ಹೆಣ್ಣು ಕೊಟ್ಟ ಮನೆಯವರ ಮುಂದೆ 'ನಿಮ್ಮೋನಲ್ಲ' ಅನ್ನಲು ನಾಚಿಕೆಯಾಗಿ ಇವತ್ತಿಗೂ ಇಲ್ಲೇ ಮಾವನ ಮನೆಯ ಸರದಿಯಲ್ಲಿ ಕುರಿ ಕಾಯುತ್ತಿದ್ದಾನೆ.

ಮಾರಣ್ಣ ಎಲೆ ಅಡಿಕೆ ಉಗಿದು ವಿಚಾರಣೆ ನಡೆಸಿದ. "ಮರಿ ಹೆಗಲಿಗೇರಿಸಿದ್ದು ನಿಜವೋ?"

"ನಿಜ."

"ನಾನು ನಿಮ್ಮೋನು ಅಂದ್ನೋ?"

"ಮೈಕಿನಾಗೆ ಅಂದ, ದೊಡ್ಡಪ್ಪ."

"ನಾಕು ಜನ ಇದ್ರೋ?"

"ನಾಕು ಸಾವಿರ ಇದ್ರು."

ಮಾರಣ್ಣ ಕೈ ಝಾಡಿಸಿದ. "ಮುಗೀತಲ್ಲ. ಸೋಮವಾರ ಅವಂದು."

ಓಬಕ್ಕ ಮಾತ್ರ ಒಳಗಿನಿಂದಲೇ, "ಆ ಸಾವುಕಾರ ಕುರಿ ಕಾಯ್ತಾನಂತೆ, ಇವನು ಕರಕಂಬರ್ತಾನಂತೆ! ನಿಂಗೇನಾದ್ರೂ ಬುದ್ಧಿ ನೆಟ್ಟಗೈತಾ?" ಎಂದಳು. ಆದರೂ ಹೊಸಬ ಉಪವಾಸ ಬೀಳಬಾರದೆಂದು ನಾಲ್ಕು ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು.

ಮಾರನೇ ದಿನ ಕರಿಸಿದ್ದಪ್ಪ ಒಂದು ಹಳೆ ಕಂಬಳಿ, ಒಂದು ಕೋಲು, ರೊಟ್ಟಿ ಗಂಟು ಹಿಡಿದು ಜನಬಂಧುಗಳು ಇಳಿದುಕೊಂಡಿದ್ದ ಬಂಗಲೆಗೆ ಹೋದ. ಅಂಗಳದಲ್ಲಿ ಅರ್ಜಿ ಹಿಡಿದವರ ಸಾಲು. ಬಾಗಿಲಲ್ಲಿ ಅವರ ಕಾರ್ಯದರ್ಶಿ ಮುದ್ದಣ್ಣ, ಕಿವಿಯ ಮೇಲೊಂದು, ಜೇಬಿನಲ್ಲಿ ಮೂರು ಪೆನ್ನು ಇಟ್ಟುಕೊಂಡು ನಿಂತಿದ್ದ.

"ಅರ್ಜಿ ಎಲ್ಲಪ್ಪ?"

"ಅರ್ಜಿ ಇಲ್ರಿ. ಕರ್ಕಂಡು ಹೋಗಾಕೆ ಬಂದೀನಿ. ಸೋಮವಾರ ಸಾಮಿಗಳು ನಮ್ಮ ಕುರಿ ಕಾಯಬೇಕು."

ಮುದ್ದಣ್ಣ ಅವನನ್ನು ಹೊರಗೆ ನೂಕಲು ಎತ್ತಿದ ಕೈಯನ್ನು ಹಾಗೇ ತಡೆದ. ಅವನ ತಲೆಯಲ್ಲಿ ಪತ್ರಿಕೆಯ ಮುಖಪುಟ ಮೂಡಿತು. ಒಂದೇ ಉಸಿರಿಗೆ ಒಳಗೆ ಓಡಿದ. ಎರಡು ನಿಮಿಷದಲ್ಲಿ ಜನಬಂಧುಗಳೇ ಹೊರಗೆ ಬಂದು ಕರಿಸಿದ್ದಪ್ಪನನ್ನು ತಬ್ಬಿಕೊಂಡರು. ತಬ್ಬಿಕೊಂಡು, ಫೋಟೋದವನು ಇನ್ನೂ ಬಂದಿಲ್ಲ ಎಂದು ತಿಳಿದು, ಬಿಟ್ಟು, ಅವನು ಬಂದ ಮೇಲೆ ಮತ್ತೆ ತಬ್ಬಿಕೊಂಡರು.

"ಬರ್ತೀನಿ ಕಣಪ್ಪ! ನಿಮ್ಮ ಜೊತೆ ಒಂದು ದಿನ! ಅವತ್ತೇ ನಿಮ್ಮ ಹಟ್ಟಿಗೊಂದು ಭಾರಿ ಕಾಣಿಕೆ ಕೊಡ್ತೀನಿ!"

"ಸಂಜೆ ಕೇಳೋ ತನಕ ಇರಬೇಕು ಸಾಮಿ."

"ನೀನು ಕೇಳಪ್ಪ, ನಾನು ಕೊಡ್ತೀನಿ!"

ಇಬ್ಬರಿಗೂ ಬಹಳ ಸಂತೋಷವಾಯಿತು.

ಸೋಮವಾರ ಬೆಳಗ್ಗೆ ಹಟ್ಟಿಗೆ ಎರಡು ಜೀಪು, ಒಂದು ಲಾರಿ, ಒಂದು ಬ್ಯಾಂಡ್‌ಸೆಟ್ಟು ಬಂದವು. ರೊಪ್ಪದ ಎದುರು ಶಾಮಿಯಾನ ಎದ್ದಿತು. ತಹಸೀಲ್ದಾರರು ಬಂದರು. ಸುತ್ತಲಿನ ಹಳ್ಳಿಗಳ ಜನ ಬಂದರು. ಜನಬಂಧುಗಳು ಓಬಕ್ಕನ ರೊಟ್ಟಿಯಲ್ಲಿ ಒಂದು ಚೂರು ಮುರಿದು ಬಾಯಿಯ ಹತ್ತಿರ ಹಿಡಿದು ಫೋಟೋ ತೆಗೆಸಿಕೊಂಡು, ಚೂರನ್ನು ಮುದ್ದಣ್ಣನ ಕೈಗೆ ಕೊಟ್ಟರು. ಮುದ್ದಣ್ಣ ಅದನ್ನು ತಹಸೀಲ್ದಾರರಿಗೆ ಕೊಟ್ಟ. ಮೇಲಿನಿಂದ ಬಂದದ್ದನ್ನು ಬೇಡ ಅನ್ನಲಾಗದೆ ಅವರು ತಿಂದರು.

ಆಮೇಲೆ ಕರಿಸಿದ್ದಪ್ಪ ಜನಬಂಧುಗಳ ಕೈಗೆ ಕೋಲು ಕೊಟ್ಟು, "ಹೊರಡ್ರಿ ಸಾಮಿ" ಅಂದ. ಜನಬಂಧುಗಳು ಕೋಲೆತ್ತಿ "ಬನ್ನಿ ಮಕ್ಕಳೇ!" ಎಂದು ಮಂದೆಗೆ ಕರೆ ಕೊಟ್ಟರು. ಮಂದೆ ಅವರ ಕಡೆ ತಿರುಗಿಯೂ ನೋಡದೆ ಶಾಮಿಯಾನದೊಳಗೆ ನುಗ್ಗಿ ತೋರಣದ ಮಾವಿನೆಲೆ, ಅತಿಥಿಗಳ ಹಾರ, ಮೇಜಿನ ಮೇಲಿದ್ದ ಭಾಷಣದ ಮೊದಲ ನಾಲ್ಕು ಪುಟ, ಇಷ್ಟನ್ನೂ ತಿಂದು ಹಾಕಿತು. ಗ್ರಾಮಲೆಕ್ಕಿಗರು, ತಹಸೀಲ್ದಾರರು, ಬ್ಯಾಂಡಿನವರು ಎಲ್ಲರೂ ಸೇರಿ ಕುರಿಗಳ ಹಿಂದೆ ಓಡಿದರು. ಡ್ರಮ್ಮು ಹೊತ್ತವನು ಎರಡು ಸಲ ಬಿದ್ದ. ಕಡೆಗೆ ಕರಿಸಿದ್ದಪ್ಪ ನಾಲಗೆ ಮಡಿಚಿ "ತ್ರೋ ತ್ರೋ" ಎಂದ ಮೇಲೆ ಮಂದೆ ಮರ್ಯಾದೆಯಾಗಿ ಕಲ್ಲುಗುಡ್ಡದ ಕಾವಲಿನತ್ತ ನಡೆಯಿತು.

ಈ ಕಾವಲೇ ಹಟ್ಟಿಯ ಜೀವ. ಹುಲ್ಲು ಅಲ್ಲಿ, ಕುರಿಗೆ ನೀರು ಕುಡಿಸುವ ಗೋಕಟ್ಟೆ ಅಲ್ಲಿ. ಅದು ಹೋದರೆ ಮಂದೆ ಹೋಯಿತು, ಮಂದೆ ಹೋದರೆ ಹಟ್ಟಿ ಹೋಯಿತು. ಅಂಥ ಕಾವಲಿನ ನಡುವೆ ಆ ದಿನ ಹೊಸದಾಗಿ ಒಂದು ಅಡಿಗಲ್ಲು ನೆಟ್ಟಿತ್ತು, ಪಕ್ಕದಲ್ಲಿ ವೇದಿಕೆ ಎದ್ದಿತ್ತು, ಲಾರಿಯಿಂದ ಮುಳ್ಳುತಂತಿಯ ಸುರುಳಿಗಳು ಇಳಿಯುತ್ತಿದ್ದವು.

ಜನಬಂಧುಗಳು ಮೈಕು ಹಿಡಿದು ಉಳಿದಿದ್ದ ಐದನೇ ಪುಟದಿಂದ ಶುರುಮಾಡಿದರು. "ಆದ್ದರಿಂದ ಬಾಂಧವರೇ! ಇಲ್ಲಿ ಇಪ್ಪತ್ತಡಿ ಎತ್ತರದ ಪ್ರತಿಮೆ ಎದ್ದು ನಿಲ್ಲುತ್ತೆ! ಮಹಾರಾಜರದಲ್ಲ, ಮಂತ್ರಿಗಳದಲ್ಲ! ಹೆಗಲ ಮೇಲೆ ಮರಿ ಹೊತ್ತ ಬಡ ಕುರುಬನ ಪ್ರತಿಮೆ! ಅದರ ಸುತ್ತ ಉದ್ಯಾನ!"

ಮುದ್ದಣ್ಣ ಚಿತ್ರಪಟ ಬಿಡಿಸಿದ. ಕಂಬಳಿ ಕರಿಸಿದ್ದಪ್ಪನದು, ಕೋಲು ಕರಿಸಿದ್ದಪ್ಪನದು, ಮರಿ ಕರಿಸಿದ್ದಪ್ಪನದು, ಮುಖ ಜನಬಂಧುಗಳದು.

"ತಂತಿ ಯಾಕ್ರಿ?" ಎಂದು ಕೇಳಿದ ಕರಿಸಿದ್ದಪ್ಪ.

ತಹಸೀಲ್ದಾರರು ಮೆಲ್ಲಗೆ ಹೇಳಿದರು. "ಉದ್ಯಾನದೊಳಗೆ ಕುರಿ ಬರಬಾರದಲ್ಲಪ್ಪ. ಇಡೀ ಕಾವಲಿಗೂ ಬೇಲಿ ಬೀಳುತ್ತೆ. ಜನ ಒಪ್ಪಿದ್ದಾರೆ ಅಂತ ಬರೆದುಕೊಂಡರೆ ಇವತ್ತೇ ಶುರು."

"ಕುರುಬನ್ನ ಇಲ್ಲಿ ನಿಲ್ಲಿಸಿ ಕುರಿ ಎಲ್ಲಿಗೆ ಹೊಡೀತೀರಿ ಸಾಮಿ?"

ಇದಕ್ಕೆ ಉತ್ತರ ಬರುವ ಮೊದಲೇ ಬಿಳಿ ಕಿವಿಯ ಕುರಿ ನೆಲಕ್ಕೆ ಮೂತಿ ತಿಕ್ಕಿ ನರಳತೊಡಗಿತು. ಅದಕ್ಕೆ ಹೆರಿಗೆ ನೋವು. ಸಾಮಾನ್ಯ ಜನ ನಾಯಕರ ಭಾಷಣದ ಹೊತ್ತಿಗೆ ಹೆರುವುದಿಲ್ಲ, ಆದರೆ ಕುರಿಗೆ ಈ ಶಿಸ್ತನ್ನು ಯಾರೂ ಕಲಿಸಿರಲಿಲ್ಲ. ಕರಿಸಿದ್ದಪ್ಪ ಎಲ್ಲ ಬಿಟ್ಟು ಮಂಡಿಯೂರಿ ಅದರ ಬೆನ್ನಿಗೆ ಕೂತ.

"ಇದು ನನ್ನ ತೀರ್ಮಾನ ಅಲ್ಲ, ಜನರ ತೀರ್ಮಾನ!" ಎಂದರು ಜನಬಂಧುಗಳು. "ಒಪ್ಪಿಗೆ ಇರೋರು ಕೈ ಎತ್ರಿ!"

ಊರೂರಿಂದ ಬಂದಿದ್ದವರೆಲ್ಲ ಎತ್ತಿದರು. ಹಟ್ಟಿಯವರೂ ತಹಸೀಲ್ದಾರರ ಮುಖ ನೋಡಿ ಅರ್ಧ ಅರ್ಧ ಎತ್ತಿದರು. ಮಾರಣ್ಣ ಕಿವಿ ಕೆರೆಯುವವನ ಹಾಗೆ ಕೈ ಎತ್ತಿ ಅಲ್ಲೇ ಇಟ್ಟುಕೊಂಡ. ಎತ್ತದೆ ಉಳಿದವನು ಒಬ್ಬನೇ ಒಬ್ಬ.

"ಯಾರವನು?" ಎಂದು ಗದರಿದರು ಜನಬಂಧುಗಳು.

"ಕರಿಸಿದ್ದಪ್ಪ ಅಂತ," ಎಂದ ಮುದ್ದಣ್ಣ.

"ಏನಪ್ಪ, ಕೈ ಎತ್ತು!"

"ಆಗಲ್ಲ ಸಾಮಿ," ಎಂದ ಕರಿಸಿದ್ದಪ್ಪ. ಅವನ ಎರಡೂ ಕೈ ಕುರಿಯ ಹಿಂದಿದ್ದವು. ಮರಿಯ ಮುಂಗಾಲು ಕೈಗೆ ಸಿಕ್ಕಿತ್ತು. ಬಿಟ್ಟರೆ ತಾಯಿ ಮರಿ ಎರಡೂ ಹೋಗುತ್ತಿದ್ದವು.

ಆದರೆ ವೇದಿಕೆಗೆ ಕಂಡದ್ದು ಅವನ ಬೆನ್ನು ಮಾತ್ರ. ಸಾವಿರ ಜನರ ನಡುವೆ ಒಬ್ಬ ಬೆನ್ನು ತಿರುಗಿಸಿ ಕೂತಿದ್ದಾನೆ. ತಹಸೀಲ್ದಾರರು ಬೆವರೊರೆಸಿಕೊಂಡರು. ಬ್ಯಾಂಡಿನವನು ಗಾಬರಿಯಲ್ಲಿ ಒಂದು ಪೆಟ್ಟು ಬಾರಿಸಿ ಸುಮ್ಮನಾದ. ಮುದ್ದಣ್ಣ ಪೆನ್ನು ಬಿಚ್ಚಿ, "ಒಬ್ಬನ ವಿರೋಧ ಅಂತ ಬರೀಲಾ ಸರ್?" ಎಂದು ಕೇಳಿದ.

"ವಿರೋಧ ಏನು ಬಂತು!" ಎಂದು ಜನಬಂಧುಗಳು ಮೈಕಿನಲ್ಲೇ ಕೂಗಿದರು. "ಜನ ಎಲ್ಲ ನನ್ನ ಕಡೆ ಇದ್ದಾರೆ! ಕೈ ಎತ್ತದವನು ಜನವೇ ಅಲ್ಲ!"

ಆ ಹೊತ್ತಿಗೆ ಮರಿ ನೆಲಕ್ಕೆ ಬಿತ್ತು. ಕರಿಸಿದ್ದಪ್ಪ ಅದರ ಮೂಗು ಒರೆಸಿ, ಬಾಯಿಗೆ ಉಸಿರು ಊದಿ, ತಾಯಿಯ ಮುಂದಿಟ್ಟು, ಕೈಯನ್ನು ಕಂಬಳಿಗೆ ಒರೆಸಿಕೊಂಡು ಎದ್ದು ನಿಂತ. ಈಗ ಕೈ ಎರಡೂ ಬಿಡುವಾಗಿದ್ದವು.

"ಹಾಂ, ಈಗ ಎತ್ತಪ್ಪ," ಎಂದು ತಹಸೀಲ್ದಾರರು ಬೇಡಿಕೊಂಡರು.

ಕರಿಸಿದ್ದಪ್ಪ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಅವನಿಗೆ ಹುಟ್ಟಿದ ಮೇಲೆ ಮೊದಲನೇ ಸಲ ಕೋಪ ಬಂದಿತ್ತು. ಅದು ಹೇಗೆ ಬರುತ್ತದೆ ಎಂದು ಅಭ್ಯಾಸ ಇಲ್ಲದ್ದರಿಂದ ಕುರಿ ಗದರುವ ದನಿಯಲ್ಲೇ ಮಾತಾಡಿದ.

"ಮದ್ಲು ಆಗಲ್ಲ ಅಂದೆ. ಈಗ ಎತ್ತಲ್ಲ ಅಂತೀನಿ. 'ನಾನೇ ನೀವು' ಅಂದೋನು ನೀನು. ನಾನು ಬ್ಯಾಡ ಅಂತಿದೀನಿ, ಹಂಗಾರೆ ನೀನೂ ಬ್ಯಾಡ ಅಂತಿದೀಯ. ನಾನು ಜನ ಅಲ್ಲ ಅಂದ್ರೆ ನೀನೂ ಅಲ್ಲ. ಯಾವುದು ಹೇಳು."

ಜನಬಂಧುಗಳು ಐದನೇ ಪುಟ ನೋಡಿದರು, ಆರನೇ ಪುಟ ನೋಡಿದರು. "ಜೀಪು ತೆಗೀರಿ!" ಎಂದರು.

ಜೀಪು ಕಲ್ಲುದಾರಿಯಲ್ಲಿ ತೆವಳಿಕೊಂಡು ಕಾವಲಿನಿಂದ ಇಳಿದು ಹಟ್ಟಿಯ ಓಣಿಗೆ ಬರುವಷ್ಟರಲ್ಲಿ ಹೊತ್ತು ವಾಲಿತ್ತು, ಮಂದೆ ತನ್ನ ಪಾಡಿಗೆ ತಾನು ರೊಪ್ಪಕ್ಕೆ ಬಂದಿತ್ತು. ಓಣಿ ತುಂಬ ಕುರಿ. ಜೀಪು ಹಾರನ್ನು ಹೊಡೆದಷ್ಟೂ ಕುರಿಗಳು ಅದಕ್ಕೇ ಒತ್ತಿಕೊಂಡು ನಿಂತವು. ಜನಬಂಧುಗಳು ಇಳಿದು ನಡೆಯಲು ಹೋದರೆ ಕಾಲು ತಾನಾಗಿಯೇ ಅವರನ್ನು ರೊಪ್ಪದ ಬಾಯಿಗೆ ತಂದು ನಿಲ್ಲಿಸಿತು. ಎದುರಿಗೆ ಓಬಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬರ್ರಿ. ನಿಂತ್ಕಳ್ರಿ. ಈ ಕೆಂದ ಕುರಿ ಯಾಕೆ ಕುಂಟ್ತೈತೆ?"

"ಏನಮ್ಮ ಇದು?"

"ಸಂಜೆ ಕೇಳೋ ತನಕ ಇರ್ತೀನಿ ಅಂದ್ರಂತಲ್ಲ, ಕೇಳ್ತಿದೀನಿ. ಕುಂಟ್ತಿರೋದು ಯಾಕೆ?"

"ನಾನೇನು ಉತ್ತರ ಹೇಳಲಿ! ನಾನು ಜನ! ನನಗೆ ನಾನೇ ಉತ್ತರ ಹೇಳ್ಕೋಬೇಕಾ?"

"ಹೂಂ ಮತ್ತೆ!" ಎಂದಳು ಓಬಕ್ಕ. "ನಮ್ಮಾಗೆ ಎಲ್ರೂ ಹೇಳ್ತಾರೆ. ನನ್ನ ಗಂಡ ಹನ್ನೊಂದು ವರ್ಷದಿಂದ ವಾರಕ್ಕೆ ಎರಡು ದಪ ಹೇಳ್ತಾನೆ. ನಮ್ಮೋನು ಅಂದ್ರೆ ಅದೇಯ. ಕುಂಟು ಹೋಗ್ಲಿ ಬಿಡು. ಬೆಳಗ್ಗೆ ನಿನ್ನ ಕೈಗೆ ಕೋಲು ಕೊಟ್ಟಾಗ ಕಾವಲಿತ್ತು. ಸಂಜೆಗೆ ತಂತಿ ಬಂದೈತೆ. ನಿನ್ನ ಸರದೀನಾಗೆ ಕಳೆದದ್ದು. ಕಾವಲು ಎಲ್ಲಿ?"

ಹಿಂದಿನಿಂದ ಯಾರೋ "ಕಾವಲು ಎಲ್ಲಿ?" ಎಂದರು. ಅದು ಮಾರಣ್ಣ. ಕಿವಿ ಕೆರೆಯುತ್ತಿದ್ದ ಕೈ ಈಗ ಕೆಳಗಿಳಿದು ಕೋಲು ಹಿಡಿದಿತ್ತು. ಅಳಿಯ ಬೋರಯ್ಯ ಕೇಳಿದ. ಅರ್ಧ ಕೈ ಎತ್ತಿದ್ದವರೆಲ್ಲ ಪೂರ್ತಿ ಬಾಯಿ ತೆರೆದು ಕೇಳಿದರು. ತಂತಿ ಇಳಿಸಿದ್ದ ಕೂಲಿಯವನೊಬ್ಬನೂ ತನಗೇ ಗೊತ್ತಿಲ್ಲದೆ ಕೇಳಿಬಿಟ್ಟ. ಜನಬಂಧುಗಳಿಗೆ ನೀರಡಿಕೆಯಾಯಿತು. ತಹಸೀಲ್ದಾರರು ಚೊಂಬು ಮುಂದೆ ಮಾಡಿದರೆ ಮಾರಣ್ಣ ಅಡ್ಡ ಬಂದು, "ಕೊಡಂಗಿಲ್ರಿ. ಇನ್ನೂ ಕೇಳೋರು ಅವ್ರೆ," ಎಂದ.

"ನಂಗಿದೆಲ್ಲ ಬೇಡ, ನನ್ನ ಬಿಟ್ಟುಬಿಡ್ರಪ್ಪ!"

"ಬಿಡಾಣ ಅದಕ್ಕೇನು," ಎಂದ ಮಾರಣ್ಣ. "ಸುಲಭ ಐತೆ. ತಾಳ್ಯದ ಸಂತೇನಾಗೆ ಅದೇ ಮೈಕು ಹಾಕ್ಸಿ, ಅಷ್ಟೇ ಜನ ಸೇರಿಸಿ, 'ನಾನು ನಿಮ್ಮೋನಲ್ಲ' ಅನ್ರಿ. ಆವಾಗ ನೀವು ಯಾರೋ ನಾವು ಯಾರೋ."

ಎರಡು ಚುನಾವಣೆ ಗೆದ್ದ ಬಾಯಿಗೆ ಬಾರದೆ ಹೋದ ಒಂದೇ ವಾಕ್ಯ ಅದು. "ಹುಡುಕಿಸ್ತೀನಿ" ಎಂದಷ್ಟೇ ಹೇಳಿ, ಜನಬಂಧುಗಳು ಕುರಿಗಳ ನಡುವೆ ಅಡ್ಡಡ್ಡ ನಡೆದು ಜೀಪು ಹತ್ತಿದರು. ತಂತಿಯ ಸುರುಳಿಗಳು ಕಾವಲಿನಲ್ಲೇ ಉಳಿದವು.

ಮುಂದಿನ ಸೋಮವಾರ ಕೋಳಿ ಕೂಗುವ ಹೊತ್ತಿಗೆ ಕರಿಸಿದ್ದಪ್ಪ ಎದ್ದು, ಹಳೆ ಕಂಬಳಿ, ಕೋಲು, ರೊಟ್ಟಿ ಗಂಟು ತೆಗೆದುಕೊಂಡ. ಓಬಕ್ಕ ಈ ಸಲ ಬೈಯಲಿಲ್ಲ. ರೊಟ್ಟಿಯ ಮೇಲೆ ಒಂದು ಉಂಡೆ ಬೆಣ್ಣೆ ಇಟ್ಟು, ಅವನ ರುಮಾಲು ಸರಿಮಾಡಿ, "ಹೆದರಬ್ಯಾಡ, ಹೋಗಿ ಬಾ," ಎಂದಳು.

ಬಂಗಲೆಯ ಬಾಗಿಲಲ್ಲಿ ಮುದ್ದಣ್ಣ, "ಸಾಹೇಬರು ಊರಲ್ಲಿಲ್ಲ," ಎಂದ. ಅವನ ಹಿಂದೆ ಕಿಟಕಿಯ ಪರದೆ ಅಲ್ಲಾಡಿತು.

"ಇಲ್ದಿದ್ರೆ ಪರವಾಗಿಲ್ರಿ," ಎಂದು ಕರಿಸಿದ್ದಪ್ಪ ಮೆಟ್ಟಿಲ ಮೇಲೆ ಕೂತ. ಅರ್ಜಿಯವರ ಸಾಲು ಅವತ್ತು ಬಂಗಲೆಯ ಗೇಟಿನ ತನಕ ಇತ್ತು. ಅವನು ಅವರಿಗೆಲ್ಲ ಕೇಳುವಂತೆ, ಗುಡ್ಡದಾಚೆಯ ಕುರಿ ಕರೆಯುವ ದನಿ ತೆಗೆದ. "ಸಾಮಿ ನಮ್ಮೋನಲ್ಲ ಅಂತ ಒಂದು ಮಾತು ಒಳಗಿಂದ ಹೇಳಿ ಕಳಿಸ್ರಿ! ಇವ್ರೆಲ್ಲ ಕೇಳಿಸ್ಕಳ್ಳಿ! ಕಂಬಳಿ ಎತ್ಕಂಡು ಹೊಂಟು ಹೋಗ್ತೀನಿ!"

ಸಾಲಿನಲ್ಲಿದ್ದವರೆಲ್ಲ ಕಿಟಕಿಯ ಕಡೆ ನೋಡಿದರು. ಪರದೆ ನಿಂತಿತು. ಆಮೇಲೆ ಒಳಗಿಂದ ಸಣ್ಣ ದನಿ ಬಂತು.

"ಬಂದೆ ಕಣಪ್ಪ. ಕೂಗಬೇಡ."

ಜನಬಂಧುಗಳು ಬಂದರು. ಕೈಯಲ್ಲೊಂದು ಕಾಗದ, ಕೆಳಗೆ ತಹಸೀಲ್ದಾರರ ಮೊಹರು. "ಬೇಲಿ ರದ್ದು, ಪ್ರತಿಮೆ ರದ್ದು. ಕಾವಲು ನಿಮಗೇ ಇದೆ. ಸಂತೋಷ ಆಯ್ತಾ? ಇದನ್ನ ತಗೊಂಡು ಹೋಗು ಮಾರಾಯ."

ಕರಿಸಿದ್ದಪ್ಪ ನಂಬಲಿಲ್ಲ. ಹೌದು, ಅವನು! ಅವನ ಕಾಯಿಲೆ ಆ ಹೊತ್ತಿಗೆ ವಾಸಿಯಾಗಿಬಿಟ್ಟಿತ್ತು. ಕಾಗದವನ್ನು ಸಾಲಿನಲ್ಲಿದ್ದ ಮೇಷ್ಟರೊಬ್ಬರ ಕೈಲಿ ಎರಡು ಸಲ ಓದಿಸಿದ, ಮೊಹರನ್ನು ಮೂಸಿ ನೋಡಿದ, ಮಡಿಚಿ ರುಮಾಲಿನೊಳಗೆ ಸಿಕ್ಕಿಸಿಕೊಂಡ. ಆಮೇಲೆ ಕೋಲನ್ನು ಜನಬಂಧುಗಳ ಮುಂದೆ ಹಿಡಿದ.

"ಕಳಕಂಡಿದ್ದು ಹುಡುಕಿ ತಂದ್ರಿ, ಒಳ್ಳೇದಾತು. ಅದು ಹೋದ ಸೋಮವಾರದ್ದು," ಎಂದ. "ಇದು ಈ ಸೋಮವಾರ. ಬಿಸಿಲು ಏರ್ತೈತೆ, ಹೋಗಾಣ ಬರ್ರಿ."